ಚಳ್ಳಕೆರೆಯ ಕಡತ, ಮೊಳಕಾಲ್ಮೂರಿನ ಮಾತು

ಚಿತ್ರದುರ್ಗದಿಂದ ಬೆಳಿಗ್ಗೆ ಏಳೂಕಾಲಿಗೆ ಹೊರಟ ಚಳ್ಳಕೆರೆ ಬಸ್ಸಿನಲ್ಲಿ ನನಗೆ ಸೀಟು ಸಿಗಲಿಲ್ಲ. ಮೂವತ್ತು ಕಿಲೋಮೀಟರಿನ ಹಾದಿ, ಮುಕ್ಕಾಲು ಗಂಟೆಯ ಪ್ರಯಾಣ. ಹೆಂಗಸರಿಗೆ ಉಚಿತವೆಂದಾದ ಮೇಲೆ ಈ ಬಸ್ಸಿನಲ್ಲಿ ಗಂಡಸರು ನಿಂತು ಹೋಗುವುದೇ ರೂಢಿಯಾಗಿದೆ. ದುಡ್ಡು ಕೊಟ್ಟವರು ನಿಂತು, ಕೊಡದವರು ಕೂತು ಹೋಗುವುದು ಯಾವ ನ್ಯಾಯ ಎಂದು ಪಕ್ಕದಲ್ಲಿದ್ದ ಮೇಷ್ಟ್ರೊಬ್ಬರು ಗೊಣಗುತ್ತಿದ್ದರು. ಗೊಣಗುವ ಹಕ್ಕು ನನಗಿರಲಿಲ್ಲ, ನನ್ನದು ಸರ್ಕಾರಿ ಖರ್ಚಿನ ಪ್ರಯಾಣ. ಕಂಬಿ ಹಿಡಿದುಕೊಂಡು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತ ನಿಂತೆ. ಅವು ಅವತ್ತು ತಿರುಗುತ್ತಿರಲಿಲ್ಲ. ಮಳೆಗಾಲ ಮುಗಿದು ಎರಡು ವಾರವಾಗಿತ್ತು, ಸೆಖೆ ಆಗಲೇ ಶುರುವಾಗಿತ್ತು.

ನನ್ನ ಕೆಲಸವೇನೆಂದು ಮೊದಲೇ ಹೇಳಿಬಿಡಬೇಕು. ನಾನು ಆಗ ಪ್ರೊಬೇಷನ್ ಅಧಿಕಾರಿ. ಹಾಗೆಂದರೆ ಹತ್ತರಲ್ಲಿ ಒಂಬತ್ತು ಮಂದಿ ಬ್ಯಾಂಕಿಗೆ ಹೊಸದಾಗಿ ಸೇರಿದವನು ಎಂದುಕೊಳ್ಳುತ್ತಾರೆ. ತಲೆ ಪೂರ್ತಿ ನರೆತ ಮೇಲೂ ಮದುವೆ ಮನೆಗಳಲ್ಲಿ ಯಾವ ಬ್ಯಾಂಕು ಎಂದು ಕೇಳಿಸಿಕೊಂಡಿದ್ದೇನೆ. ಕೆಲಸ ಇಷ್ಟೆ: ಕೋರ್ಟಿನಲ್ಲಿ ಒಬ್ಬನ ಅಪರಾಧ ಸಾಬೀತಾಗಿರುತ್ತದೆ. ಅವನನ್ನು ಜೈಲಿಗೆ ಕಳಿಸಬೇಕೋ, ಇಲ್ಲಾ ಮುಚ್ಚಳಿಕೆ ಬರೆಸಿಕೊಂಡು ಮನೆಯಲ್ಲೇ ಬಿಟ್ಟು ಒಂದೆರಡು ವರ್ಷ ಅವನ ಮೇಲೆ ಕಣ್ಣಿಟ್ಟರೆ ಸಾಕೋ ಎಂದು ತೀರ್ಮಾನಿಸುವ ಮೊದಲು ನ್ಯಾಯಾಧೀಶರು ನಮ್ಮಿಂದ ವರದಿ ಕೇಳುತ್ತಾರೆ. ನಾವು ಅವನ ಬೀದಿಗೆ ಹೋಗಿ ಮನೆಯವರನ್ನೂ ನೆರೆಯವರನ್ನೂ ಪೆಟ್ಟು ತಿಂದವರನ್ನೂ ಮಾತಾಡಿಸಿ ಮೂರು ಪುಟ ಬರೆಯುತ್ತೇವೆ. ಜೈಲು ಒಳ್ಳೆಯದೋ ಹೊರಗಿಡುವುದು ಒಳ್ಳೆಯದೋ ಎಂದು ವೇದಿಕೆ ಮೇಲೆ ಮಾತಾಡುವವರು ಬಹಳ ಜನ ಇದ್ದಾರೆ. ನನ್ನ ಪಾಲಿಗೆ ಅದು ಯಾವತ್ತೂ ಒಬ್ಬ ಮನುಷ್ಯನ ಹೆಸರು ಹೊತ್ತ ಒಂದು ಕಡತವಾಗಿ ಬರುತ್ತಿತ್ತು.

ಈಗ ನಿವೃತ್ತನಾಗಿದ್ದೇನೆ. ಆದರೂ ಈ ಬರಹದಲ್ಲಿ ಹೆಸರುಗಳನ್ನೂ ಬೀದಿಯನ್ನೂ ಬದಲಿಸಿದ್ದೇನೆ. ಕಾರಣ ಮುಂದೆ ಗೊತ್ತಾಗುತ್ತದೆ.

ಅವತ್ತಿನ ಕಡತ ತಿಪ್ಪೇಸ್ವಾಮಿ ಎಂಬ ನೇಕಾರನದು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು, ವಯಸ್ಸು ಮೂವತ್ತಾರು. ಬಸ್ ನಿಲ್ದಾಣದ ಹತ್ತಿರ ಓಬಣ್ಣ ಎಂಬವನ ಹಣೆಗೆ ಲಾಳಿಯಿಂದ ಹೊಡೆದು ಹುಬ್ಬಿನ ಮೇಲೆ ಮೂರು ಹೊಲಿಗೆ ಬೀಳಿಸಿದ್ದ. ಮಗ್ಗದಲ್ಲಿ ಅಡ್ಡ ಎಳೆಯನ್ನು ಹೊತ್ತು ಓಡಾಡುವ ಮರದ ಲಾಳಿಗೆ ಎರಡೂ ತುದಿಯಲ್ಲಿ ಲೋಹದ ಮೊನೆ ಇರುತ್ತದೆ. ಹೊಡೆದದ್ದು ಹೌದು ಎಂದು ಕೋರ್ಟಿನಲ್ಲಿ ಒಪ್ಪಿಕೊಂಡಿದ್ದ. ಇಷ್ಟೇ ಆಗಿದ್ದರೆ ನನ್ನ ವರದಿ ಅರ್ಧ ದಿನದ ಕೆಲಸ. ಆದರೆ ಹದಿನಾಲ್ಕು ವರ್ಷದ ಹಿಂದೆ ಚಳ್ಳಕೆರೆ ಕೋರ್ಟಿನಲ್ಲಿ ಕಳವಿನ ಕೇಸೊಂದರಲ್ಲಿ ಅವನಿಗೆ ಒಂದು ವರ್ಷ ಜೈಲಾಗಿತ್ತು. ಆಗಲೂ ವರದಿ ಬರೆದವನು ನಾನೇ. ಅದರ ಪ್ರತಿ ನಮ್ಮ ಕಚೇರಿಯಲ್ಲಿ ಗೆದ್ದಲಿನ ಪಾಲಾಗಿತ್ತು. ಆದ್ದರಿಂದ ಮೊದಲು ಚಳ್ಳಕೆರೆಯಲ್ಲಿ ಇಳಿದು ಹಳೆಯ ಕಡತ ನೋಡಿ, ಆಮೇಲೆ ಮೊಳಕಾಲ್ಮೂರಿಗೆ ಹೋಗುವುದೆಂದು ಹೊರಟಿದ್ದೆ.

ಚಳ್ಳಕೆರೆಯಲ್ಲಿ ಇಳಿದವರಿಗೆ ಊರಿಗಿಂತ ಮೊದಲು ಎಣ್ಣೆಯ ವಾಸನೆ ಸಿಗುತ್ತದೆ. ಶೇಂಗಾ ಅರೆಯುವ ಮಿಲ್ಲುಗಳು ಮೊದಲಿನಷ್ಟಿಲ್ಲ ಎನ್ನುತ್ತಾರೆ, ಆದರೆ ವಾಸನೆ ಕಡಿಮೆಯಾಗಿದ್ದು ನನಗೆ ಕಾಣಲಿಲ್ಲ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ, ಒಂದು ಟೀ ಆಯಿತು. ಹುಣಸೂರಿನ ಕಡೆಯವನಾದ ನನಗೆ ಬೆಳಿಗ್ಗೆ ಬೆಳಿಗ್ಗೆ ಮೆಣಸಿನಕಾಯಿ ತಿನ್ನುವುದು ಇಪ್ಪತ್ತು ವರ್ಷವಾದರೂ ಒಗ್ಗಿಲ್ಲ, ಬಿಡಲೂ ಆಗಿಲ್ಲ.

ಕೋರ್ಟಿನ ದಾಖಲೆ ಕೋಣೆಯ ಶಿರಸ್ತೇದಾರರು ಪರಿಚಯದವರು. ಹಳೆಯ ಕಟ್ಟುಗಳ ಧೂಳು ಕೊಡವುತ್ತಲೇ ಅವರು ತಮ್ಮ ಅಭಿಪ್ರಾಯ ಹೇಳಿದರು. ಹೊಸ ಕಾನೂನಿನಲ್ಲಿ ಸಣ್ಣಪುಟ್ಟ ಅಪರಾಧಕ್ಕೆ ಸಮುದಾಯ ಸೇವೆ ಎಂದು ಬಂದಿದೆಯಲ್ಲ, ಆಸ್ಪತ್ರೆ ಅಂಗಳ ಗುಡಿಸಿದರೆ ಕಳ್ಳನಿಗೆ ಬುದ್ಧಿ ಬರುತ್ತದೆಯೇ ಎಂದು ಅವರ ಪ್ರಶ್ನೆ. ಒಳಗೆ ಹಾಕಿದರೆ ಬರುತ್ತದೆಯೇ ಎಂದು ನಾನು ಕೇಳಿದೆ. ಬರುವುದಿಲ್ಲ, ಆದರೆ ಒಳಗಿರುವಷ್ಟು ದಿನ ಊರಿಗೆ ನೆಮ್ಮದಿ ಎಂದರು. ಅವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ತಿಪ್ಪೇಸ್ವಾಮಿಯ ಈಗಿನ ಅಪರಾಧಕ್ಕಂತೂ ಆ ಗುಡಿಸುವ ಶಿಕ್ಷೆ ಅನ್ವಯಿಸುವುದಿಲ್ಲ. ಅವನಿಗೆ ಇದ್ದದ್ದು ಎರಡೇ ದಾರಿ, ಜೈಲು ಅಥವಾ ನಮ್ಮ ಕಣ್ಗಾವಲು.

ಕಡತ ಸಿಕ್ಕಿತು. ತಳಕಿನ ಹತ್ತಿರದ ಹೊಲವೊಂದರ ಕೊಳವೆಬಾವಿಯ ಕೇಬಲ್ ಕತ್ತರಿಸಿ, ಒಳಗಿನ ತಾಮ್ರ ಮಾರಲು ಹೊರಟಿದ್ದ ಇಬ್ಬರು ಹುಡುಗರ ಕೇಸು ಅದು. ಒಬ್ಬ ತಿಪ್ಪೇಸ್ವಾಮಿ, ಇನ್ನೊಬ್ಬ ಚಳ್ಳಕೆರೆಯ ನಾಗರಾಜ. ಇಬ್ಬರ ಮೇಲೂ ನಾನು ಒಂದೊಂದು ವರದಿ ಕೊಟ್ಟಿದ್ದೆ. ನಾಗರಾಜನದರಲ್ಲಿ ಅವನ ಸೋದರಮಾವ ತಂದುಕೊಟ್ಟ ಶಾಲೆಯ ನಡತೆ ಪ್ರಮಾಣಪತ್ರವಿತ್ತು. ಅವನನ್ನು ಬಿಡಬಹುದು ಎಂದು ಬರೆದಿದ್ದೆ. ತಿಪ್ಪೇಸ್ವಾಮಿಯದರಲ್ಲಿ ನನ್ನದೇ ಕೈಬರಹದಲ್ಲಿ ಹೀಗಿತ್ತು: “ಆರೋಪಿಯ ತಾಯಿಯೇ ತಿಳಿಸಿರುವಂತೆ ಆರೋಪಿಯು ಸದರಿ ಕೃತ್ಯವನ್ನು ಅವಸರಕ್ಕೆ ಮಾಡಿರುತ್ತಾನೆ. ಹಿಂದುಮುಂದು ಯೋಚಿಸದ ಆತುರ ಸ್ವಭಾವದವನೆಂದು ಕಂಡುಬರುತ್ತದೆ. ಹೊರಗೆ ಬಿಟ್ಟಲ್ಲಿ ಪುನಃ ದುಡುಕುವ ಸಂಭವವಿದೆ.” ನಾಗರಾಜನಿಗೆ ಮೂರು ವರ್ಷದ ಕಣ್ಗಾವಲಾಯಿತು, ತಿಪ್ಪೇಸ್ವಾಮಿಗೆ ಜೈಲಾಯಿತು.

ಓದಿ ಮುಗಿಸಿದಾಗ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಪುನಃ ದುಡುಕಿಯಾನು ಎಂದು ಅವತ್ತೇ ಬರೆದಿದ್ದೆ, ಇವತ್ತು ಲಾಳಿ ಎತ್ತಿ ದುಡುಕಿದ್ದ. ಮನುಷ್ಯರನ್ನು ನೋಡಿದೊಡನೆ ತೂಗಬಲ್ಲೆ ಎಂಬ ನಂಬಿಕೆ ನಮ್ಮ ಕೆಲಸದವರಿಗೆ ಇರುವ ಚಟ. ಪ್ರತಿ ಮಾಡಿಸಿಕೊಂಡು ಹೊರಬಂದೆ.

ನಾಗರಾಜನನ್ನು ನೋಡಲೇಬೇಕೆಂಬ ನಿಯಮವೇನಿರಲಿಲ್ಲ. ಮೊಳಕಾಲ್ಮೂರಿನ ಬಸ್ಸಿಗೆ ಒಂದು ಗಂಟೆ ಇತ್ತು, ಅವನ ಮಿಲ್ಲು ನಡೆದು ಹೋಗುವಷ್ಟೇ ದೂರದಲ್ಲಿತ್ತು. ಮೂರು ವರ್ಷ ಪ್ರತಿ ತಿಂಗಳೂ ನನ್ನ ಮುಂದೆ ಸಹಿ ಹಾಕಿ, ಬಂದಾಗಲೆಲ್ಲ ಬಸ್ಸಿನ ಕಷ್ಟ ಹೇಳುತ್ತಿದ್ದ ಹುಡುಗ ಈಗ ಹೊಟ್ಟೆ ಬಂದ ಮೇಸ್ತ್ರಿ. ಹಿಂಡಿ ತುಂಬಿದ ಚೀಲಗಳ ಮಧ್ಯೆ ಕೂತು ಲಾರಿಯವರನ್ನು ಬೈಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ, ಟೀ ತರಿಸಿದ. ಇವನು ಋಷಿಯಾಗಿದ್ದಾನೆಂದು ಹೇಳಿದರೆ ಸುಳ್ಳಾಗುತ್ತದೆ. ಇಸ್ಪೀಟಿನ ಕೇಸಿನಲ್ಲಿ ಎರಡು ಸಲ ದಂಡ ಕಟ್ಟಿದ್ದನ್ನು ತಾನೇ ನಗುತ್ತ ಹೇಳಿದ. ಆದರೆ ಊರಿನಲ್ಲಿ ಅವನು ಮಿಲ್ಲಿನ ನಾಗರಾಜ. ಹಳೆಯ ಕೇಬಲ್ಲಿನ ವಿಷಯ ಅವನ ಹೆಂಡತಿಗೂ ಸರಿಯಾಗಿ ಗೊತ್ತಿಲ್ಲವಂತೆ.

ತಿಪ್ಪೇಸ್ವಾಮಿಯ ಹೆಸರು ಎತ್ತಿದಾಗ ನಗು ನಿಂತಿತು. ಅವನ ಮನೆಗೆ ಹೋಗುತ್ತಿದ್ದೇನೆ ಎಂದೆ. ನಾಗರಾಜ ಲೋಟ ಕೆಳಗಿಟ್ಟು, ಸುತ್ತ ನೋಡಿ, ಸಣ್ಣ ದನಿಯಲ್ಲಿ ಹೇಳಿದ.

“ಆವತ್ತು ಪ್ಲಾನು ನಂದು ಸಾರ್. ಕಟರ್ ತಂದಿದ್ದೂ ನಾನೇ. ಅವನು ಟಾರ್ಚ್ ಹಿಡ್ಕೊಂಡು ನಿಂತಿದ್ದ ಅಷ್ಟೆ.”

ಅದನ್ನು ಆಗಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದ ಮೇಲೆ ಪೆದ್ದು ಪ್ರಶ್ನೆ ಎನಿಸಿತು. ಮಾವ ಬಾಯಿ ಬಿಡಬೇಡ ಎಂದಿದ್ದನಂತೆ, ತಿಪ್ಪೇಸ್ವಾಮಿಯೂ ಬಾಯಿ ಬಿಡಲಿಲ್ಲವಂತೆ. ತನಗೆ ಹೊಸ ಮೊಬೈಲಿನ ಶೋಕಿ ಇತ್ತು, ಅವನಿಗೆ ಮನೆಯಲ್ಲಿ ಏನೋ ಗರಜು ಇತ್ತು, ಏನೆಂದು ಹೇಳಲಿಲ್ಲ ಎಂದ. ಪ್ಲಾನು ಮಾಡಿದವನನ್ನು ನಾನು ಹೊರಗೆ ಬಿಡಿಸಿ, ಟಾರ್ಚು ಹಿಡಿದವನನ್ನು ಒಳಗೆ ಕಳಿಸಿದ್ದೆ. ಬೆಳಗಿನ ಹೆಮ್ಮೆ ಅಲ್ಲಿಗೆ ಅರ್ಧ ಇಳಿಯಿತು.

ಮೊಳಕಾಲ್ಮೂರಿಗೆ ಸುಮಾರು ಐವತ್ತು ಕಿಲೋಮೀಟರು. ಖಾಸಗಿ ಬಸ್ಸು, ಈ ಸಲ ಕಿಟಕಿ ಪಕ್ಕ ಸೀಟು ಸಿಕ್ಕಿತು. ತಳಕಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ರಸ್ತೆಯ ಎರಡೂ ಕಡೆ ಶೇಂಗಾ ಕಿತ್ತು ಒಣಗಲು ಹರವಿದ್ದರು. ಕುರಿ ಮಂದೆಯೊಂದು ರಸ್ತೆ ದಾಟುವವರೆಗೆ ಡ್ರೈವರು ಹಾರನ್ನು ಒತ್ತದೆ ಕಾದ. ಆ ಕೇಬಲ್ ಕಳುವಾದ ಹೊಲ ಎಲ್ಲೋ ಇಲ್ಲೇ ಇರಬೇಕು. ಆ ಹೊಲದ ಯಜಮಾನನ ಹೇಳಿಕೆ ಕಡತದಲ್ಲಿ ಎರಡೇ ಸಾಲಿತ್ತು: ನೀರಿಲ್ಲದೆ ನಾಲ್ಕು ದಿನದಲ್ಲಿ ಈರುಳ್ಳಿ ಬಾಡಿತು, ತನಗೆ ಕೇಬಲ್ ಬೇಕು. ಕೇಬಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಸಾಕ್ಷ್ಯದ ವಸ್ತುವಾಗಿ ಬಿದ್ದಿತ್ತು. ಒಬ್ಬನಿಗೆ ಕಣ್ಗಾವಲು, ಒಬ್ಬನಿಗೆ ಜೈಲು ಎಂದು ನಾವು ಅಷ್ಟೆಲ್ಲ ಬರೆದಾಗ ಅವನ ಈರುಳ್ಳಿಯ ಮಾತು ಯಾರೂ ಎತ್ತಿರಲಿಲ್ಲ.

ಈ ಸೀಮೆಯ ಹಾನಗಲ್ಲಿನ ಹತ್ತಿರ ಬಸ್ಸು ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿತು. ಅಲ್ಲಿಂದ ಮುಂದೆ ಹತ್ತುವವರ ಮಾತಿನಲ್ಲಿ ತೆಲುಗು ಹೆಚ್ಚಾಗುತ್ತ ಹೋಯಿತು. ಕನ್ನಡದಲ್ಲಿ ಶುರುವಾದ ವಾಕ್ಯ ತೆಲುಗಿನಲ್ಲಿ ಮುಗಿಯುತ್ತಿತ್ತು. ಕಂಡಕ್ಟರು ಎರಡರಲ್ಲೂ ಚಿಲ್ಲರೆ ಇಲ್ಲ ಎನ್ನುತ್ತಿದ್ದ. ನನಗೆ ತೆಲುಗು ಬಾರದು. ಬೇಕಾಗುವುದೂ ಇಲ್ಲ, ಎಲ್ಲರಿಗೂ ಕನ್ನಡ ಬರುತ್ತದಲ್ಲ ಎಂದು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದೆ.

ಮೊಳಕಾಲ್ಮೂರಿನಲ್ಲಿ ಇಳಿದಾಗ ಹನ್ನೆರಡೂವರೆ. ಮೊದಲು ಓಬಣ್ಣನನ್ನು ಕಂಡೆ. ನಿಲ್ದಾಣದ ಪಕ್ಕದಲ್ಲಿ ಸೈಕಲ್ಲು, ಬೈಕಿನ ಪಂಕ್ಚರ್ ಹಾಕುವ ಅಂಗಡಿ ಅವನದು. ಹುಬ್ಬಿನ ಮೇಲಿನ ಗಾಯ ಮಾಗಿ ಗೀರು ಉಳಿದಿತ್ತು. ಏನಾಯಿತೆಂದು ಅವನೇ ಹೇಳಿದ. ನೇಕಾರರ ಬೀದಿಯಲ್ಲಿ ಐದು ಜನ ತಿಪ್ಪೇಸ್ವಾಮಿಗಳಿದ್ದಾರೆ. ಈ ಸೀಮೆಯಲ್ಲಿ ಆ ಹೆಸರಿಗೆ ಬರವಿಲ್ಲ. ಗುರುತಿಗೆ ಒಬ್ಬ ಹಾಲಿನ ತಿಪ್ಪೇಸ್ವಾಮಿ, ಒಬ್ಬ ಉದ್ದನೆ ತಿಪ್ಪೇಸ್ವಾಮಿ. ಜೈಲಿನಿಂದ ಬಂದವನಿಗೆ ಕೇಬಲ್ ತಿಪ್ಪೇಸ್ವಾಮಿ ಎಂದಾಯಿತು. ಎಲ್ಲರೂ ಕರೆಯುವ ಹೆಸರನ್ನೇ ತಾನೂ ಕರೆದೆ ಎಂಬುದು ಓಬಣ್ಣನ ವಾದ. ಆ ದಿನ ತಿಪ್ಪೇಸ್ವಾಮಿ ಲಾಳಿಯ ಮೊನೆ ಸರಿಮಾಡಿಸಲು ಹೊರಟಿದ್ದ, ಜೊತೆಯಲ್ಲಿ ಎಂಟನೇ ಕ್ಲಾಸಿನ ಮಗಳಿದ್ದಳು. ನಿಮ್ಮಪ್ಪನಿಗೆ ಕೇಬಲ್ ಅಂತ ಯಾಕೆ ಹೆಸರು ಬಂತು ಗೊತ್ತೇನೆ ಎಂದು ಓಬಣ್ಣ ತಮಾಷೆಗೆ ಕೇಳಿದ. ಟಿವಿ ಕೇಬಲ್ ಎಳೀತಿದ್ರಂತೆ ಎಂದಳು ಹುಡುಗಿ, ಅಪ್ಪ ಹಾಗೆ ಹೇಳಿದ್ದ. ಓಬಣ್ಣ ನಿಜ ಹೇಳಿ ನಕ್ಕ. ಆಗ ಲಾಳಿ ಬಿತ್ತು.

ಅವನಿಗೆ ಏನು ಶಿಕ್ಷೆಯಾಗಬೇಕು ಎಂದು ಕೇಳಿದೆ. ಓಬಣ್ಣ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಲೇ ಹೇಳಿದ.

“ಅವನು ಒಳಗೆ ಹೋದ್ರೆ ನನಗೇನು ಬಂತು ಸಾರ್? ಇದೇ ಜಾಗದಾಗೆ, ಇಷ್ಟೇ ಜನದ ಮುಂದೆ ತಪ್ಪಾಯ್ತು ಅನ್ಲಿ. ನಂದೂ ಬಾಯಿ ಜಾಸ್ತಿ ಆಯ್ತು, ಅದನ್ನ ನಾನೂ ಅಂತೀನಿ.”

ಬರೆದುಕೊಂಡೆ. ಊಟಕ್ಕೆ ಹೋದ ಹೋಟೆಲಿನಲ್ಲಿ ಮುದ್ದೆ ಚೆನ್ನಾಗಿತ್ತು, ಸಾರಿಗೆ ಉಪ್ಪು ಖಾರ ಎರಡೂ ಹೆಚ್ಚಾಗಿತ್ತು. ಎರಡು ಗಂಟೆಯ ಬಿಸಿಲಿನಲ್ಲಿ ನೇಕಾರರ ಬೀದಿ ತಲುಪುವಷ್ಟರಲ್ಲಿ ನಾಲಿಗೆ ಒಣಗಿತ್ತು.

ತಿಪ್ಪೇಸ್ವಾಮಿಯ ಮನೆಯ ಮುಂದಿನ ಕೋಣೆಯೆಲ್ಲ ಮಗ್ಗವೇ. ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ಕುಣಿ ತೋಡಿದ ಹಳೆಯ ಬಗೆಯ ಮಗ್ಗ. ಅವನು ಕುಣಿಯಿಂದ ಮೇಲೆ ಬಂದು ಕೈಮುಗಿದ. ತೆಳ್ಳಗಿನ ಆಳು, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವವನಲ್ಲ. ಹೆಂಡತಿ ಮುಗಿದ ಸೀರೆ ಕೊಟ್ಟುಬರಲು ಹೋಗಿದ್ದಳು. ಅವತ್ತು ಶಾಲೆಗೆ ಹೋಗದ ಮಗಳು ಗೋಡೆಗೊರಗಿ ಪುಸ್ತಕ ಹಿಡಿದಿದ್ದಳು, ಓದುತ್ತಿರಲಿಲ್ಲ. ತಾಯಿ ನನ್ನನ್ನು ನೋಡಿದೊಡನೆ ಗುರುತು ಹಿಡಿದಳು. ಆವತ್ತು ಬಂದಿದ್ದ ಸಾರ್ ಇವರೇ ಎಂದು ಮೊಮ್ಮಗಳಿಗೆ ತೆಲುಗಿನಲ್ಲಿ ಹೇಳಿದಳೆಂದು ಕಾಣುತ್ತದೆ. ಕೂರಲು ಚಾಪೆ ಹಾಸಿ, ಚೊಂಬಿನಲ್ಲಿ ನೀರು ತಂದು ಲೋಟಕ್ಕೆ ಸುರಿದಳು. ಒಂದೇ ಗುಟುಕಿಗೆ ಕುಡಿದೆ.

“ಇನ್ನೂ ಅವಸರ ಏನ್ರಿ?” ಎಂದಳು.

“ಅವಸರ ಏನಿಲ್ಲಮ್ಮ,” ಎಂದು ಲೋಟ ಮುಂದೆ ಹಿಡಿದೆ. ನಿಧಾನಕ್ಕೆ ತನ್ನಿ ಎಂದು ನನ್ನ ಅರ್ಥ. ಆಕೆ ಲೋಟ ಇಸಿದುಕೊಂಡು ಒಳಗೆ ಹೋದಳು.

ನಾನು ಕಡತ ತೆರೆದು ಪ್ರಶ್ನೆ ಶುರು ಮಾಡಿದೆ. ಜೈಲಿನಲ್ಲಿ ಏನು ಕೆಲಸ ಕೊಟ್ಟಿದ್ದರು ಎಂದೆ. ಅಡುಗೆಮನೆ, ಸೌದೆ ಒಡೆಯುವುದು, ದೊಡ್ಡ ಪಾತ್ರೆ ತಿಕ್ಕುವುದು ಎಂದ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಹೊಟ್ಟೆಗೂ ಕಡಿಮೆ ಇರಲಿಲ್ಲ ಎಂದ. ಹೊರಗೆ ಬಂದು ಮಗ್ಗದ ಮುಂದೆ ಕೂತಾಗ ಕಷ್ಟ ಗೊತ್ತಾಯಿತಂತೆ. ಕೈ ಎಷ್ಟು ಒರಟಾಗಿತ್ತೆಂದರೆ ರೇಷ್ಮೆಯ ಎಳೆ ಮುಟ್ಟಿದಲ್ಲೆಲ್ಲ ಬೆರಳಿಗೆ ಕಚ್ಚಿಕೊಂಡು ಹರಿಯುತ್ತಿತ್ತು. ಯಾವ ಮಾಲೀಕನೂ ನೂಲು ಕೊಡಲಿಲ್ಲ. ಒಂದು ವರ್ಷ ಅವರಿವರ ಮನೆಯ ಕೂಲಿ ಮಾಡಿ, ದಿನವೂ ಕೈಗೆ ಎಣ್ಣೆ ತಿಕ್ಕಿ, ಆಮೇಲೆ ಮಗ್ಗಕ್ಕೆ ಮರಳಿದ. ಕೋರ್ಟು ಕೊಟ್ಟದ್ದು ಒಂದು ವರ್ಷ, ಕೈ ಕೊಟ್ಟದ್ದು ಇನ್ನೊಂದು ವರ್ಷ ಎಂದು ಲೆಕ್ಕ ಹಾಕಿಕೊಂಡೆ.

ಹತ್ತು ನಿಮಿಷವಾದರೂ ನೀರು ಬರಲಿಲ್ಲ. ಗಂಟಲು ಕೆರೆಯುತ್ತಿತ್ತು. ಕೊನೆಗೆ ನಾಚಿಕೆ ಬಿಟ್ಟು, ಅಮ್ಮ ನೀರು ತರುತ್ತೇನೆಂದರಲ್ಲ ಎಂದೆ.

“ಬ್ಯಾಡ ಅಂದ್ರಲ್ಲ ಸಾರ್,” ಎಂದಳು ಹುಡುಗಿ.

ಬೇಡ ಎಂದು ಎಲ್ಲಿ ಹೇಳಿದೆ, ಅವಸರವಿಲ್ಲ ಎಂದೆ ಎಂದು ನಾನು ಹೇಳಿದಾಗ ತಿಪ್ಪೇಸ್ವಾಮಿ ಮೊದಲ ಸಲ ನಕ್ಕ.

“ನಮ್ಮವ್ವನ ಮಾತು ಹಂಗೇ ಸಾರ್. ತೆಲುಗಿನಾಗೆ ಅವಸರ ಅಂದ್ರೆ ಬೇಕು ಅಂತ. ಇನ್ನೂ ನೀರು ಬೇಕಾ ಅಂತ ಕೇಳಿದ್ಲು, ನೀವು ಬ್ಯಾಡ ಅಂದ್ರಿ.”

ಹುಡುಗಿಯೂ ನಕ್ಕಳು. ತಾಯಿ ಚೊಂಬು ತುಂಬಿಸಿ ತಂದಳು. ನಾನು ಅದನ್ನು ಕೈಯಲ್ಲಿ ಹಿಡಿದು ಕೂತೆ, ಕುಡಿಯುವುದು ಮರೆತುಹೋಗಿತ್ತು. ಮಡಿಲಲ್ಲಿ ತೆರೆದಿದ್ದ ಹಾಳೆಯಲ್ಲಿ ನನ್ನ ಕೈಬರಹ ಕಾಣುತ್ತಿತ್ತು: ಅವಸರಕ್ಕೆ ಮಾಡಿರುತ್ತಾನೆ. ಆವತ್ತು ನನ್ನ ಮುಂದೆ ಏನು ಹೇಳಿದಿರಿ, ನೆನಪಿದೆಯೇ ಎಂದು ಆ ತಾಯಿಯನ್ನು ಕೇಳಿದೆ. ನೆನಪಿಲ್ಲದೆ ಏನು ಎಂದಳು.

“ಅವಸರಕ್ಕೆ ಮಾಡ್ಯಾನೆ ಸಾರ್, ಕಳ್ಳ ಅಲ್ಲ ನನ್ನ ಮಗ ಅಂದಿದ್ದೆ. ಬ್ಯಾರೆ ಏನು ಹೇಳ್ಲಿ?”

ಏನು ಅವಸರವಿತ್ತು, ಅಂದರೆ ಏನು ಬೇಕಾಗಿತ್ತು ಎಂದೆ. ಆಕೆ ಸೆರಗು ಎಳೆದುಕೊಂಡು ಒಳಗೆ ಹೋದಳು. ತಿಪ್ಪೇಸ್ವಾಮಿ ಎದ್ದು, ಹೊರಗೆ ಬರ್ರಿ ಸಾರ್ ಎಂದ.

ಮನೆಯ ಹಿಂದೆ ಬೇವಿನ ಮರದ ಕೆಳಗೆ ನಿಂತು ಹೇಳಿದ. ಆ ವರ್ಷ ತಾಯಿಗೆ ಗರ್ಭಕೋಶದ ಕಾಯಿಲೆ, ತಿಂಗಳುಗಟ್ಟಲೆ ರಕ್ತ ನಿಲ್ಲಲಿಲ್ಲ. ಬಳ್ಳಾರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಲೇಬೇಕಿತ್ತು. ನಾಗರಾಜ ಕರೆದಾಗ ಇವನು ಹೋದ. ಸಿಕ್ಕಿಬಿದ್ದ. ಆಪರೇಷನ್ನನ್ನು ಕೊನೆಗೆ ಇವನ ಸೋದರಮಾವ ಮಾಡಿಸಿದ, ಇವನು ಒಳಗಿದ್ದಾಗ. ಇಷ್ಟನ್ನು ಕೋರ್ಟಿನಲ್ಲಿ ಹೇಳಿದ್ದರೆ ಆಗುತ್ತಿತ್ತಲ್ಲಪ್ಪ ಎಂದೆ. ಹೆತ್ತ ತಾಯಿಯ ಆ ಕಾಯಿಲೆಯನ್ನು ಅಷ್ಟು ಗಂಡಸರ ಮುಂದೆ ಹೇಗೆ ಹೇಳಲಿ ಎಂದು ಅವನು ನನ್ನನ್ನೇ ಕೇಳಿದ. ತಾಯಿಯೂ ನನ್ನ ಮುಂದೆ ಬಿಡಿಸಿ ಹೇಳಲಾರದೆ ಒಂದೇ ಶಬ್ದದಲ್ಲಿ ಹೇಳಿದ್ದಳು. ಆ ಒಂದೇ ಶಬ್ದವನ್ನು ನಾನು ನಮ್ಮ ಹುಣಸೂರಿನ ಕಿವಿಯಿಂದ ಕೇಳಿ, ಆತುರ, ದುಡುಕು ಎಂದು ಮೂರು ಸಾಲು ಬೆಳೆಸಿದ್ದೆ.

ಅವನಿಗೆ ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಹಾಳೆ ತೋರಿಸಿ ಓದಿ ವಿವರಿಸಿದೆ. ಅವನು ಮರದ ತೊಗಟೆ ಕೀಳುತ್ತ ಕೇಳಿಸಿಕೊಂಡ.

“ಹಂಗಾದ್ರೆ ನಾನು ಒಳಗೆ ಹೋಗಿದ್ದು ಈ ಒಂದು ಮಾತಿಗೇನ್ರಿ?”

ಇದೊಂದೇ ಕಾರಣ ಎನ್ನಲಾಗದು, ಆದರೆ ದೊಡ್ಡ ಕಾರಣ ಇದೇ ಎಂದೆ. ಅವನು ಜೈಲಿಗೆ ಹೋದದ್ದರಿಂದ ಕೇಬಲ್ ಎಂಬ ಹೆಸರು ಬಂತು, ಆ ಹೆಸರಿನಿಂದ ಓಬಣ್ಣನ ತಮಾಷೆ, ತಮಾಷೆಯಿಂದ ಲಾಳಿ. ದುಡುಕುವವನು ಎಂದು ಬರೆದು ನಾನೇ ಅವನನ್ನು ದುಡುಕುವಲ್ಲಿಗೆ ತಂದು ನಿಲ್ಲಿಸಿದಂತಿತ್ತು. ನನಗೆ ನಾಚಿಕೆಯಾಯಿತು. ಇದನ್ನೆಲ್ಲ ಈಗಿನ ವರದಿಯಲ್ಲಿ ಬರೆಯುತ್ತೇನೆ, ತಾಯಿಯ ಮಾತಿನ ಸರಿಯಾದ ಅರ್ಥವನ್ನೂ ಕಾಯಿಲೆಯನ್ನೂ ಬರೆಯುತ್ತೇನೆ, ನಿನ್ನನ್ನು ಬಿಟ್ಟರೂ ಬಿಟ್ಟಾರು ಎಂದೆ. ಹಳೆಯ ವರದಿ ಹಾಗೇ ಉಳಿದರೆ, ಎರಡನೇ ಸಲದವನು ಎಂದು ಜೈಲೇ ಆಗುವ ಸಂಭವ ಹೆಚ್ಚು ಎಂಬುದನ್ನೂ ಹೇಳಿದೆ.

“ಬರೀಬ್ಯಾಡ್ರಿ ಸಾರ್,” ಎಂದ.

ಅರ್ಥವಾಗಲಿಲ್ಲ. ವರದಿ ಮುಚ್ಚಿದ ಲಕೋಟೆಯಲ್ಲಿ ಹೋಗುತ್ತದೆ ಎಂದೆ. ಆದರೆ ಅದರ ಸಾರಾಂಶ ನನಗೆ ಹೇಳ್ತಾರೆ, ನಮ್ಮ ವಕೀಲ್ರು ಕೇಳ್ತಾರೆ, ಆರ್ಡರಿನಾಗೆ ಬರುತ್ತೆ ಎಂದ. ಹಿಂದಿನ ಕೇಸಿನಿಂದ ಅಷ್ಟು ಕಾನೂನು ಅವನಿಗೂ ಗೊತ್ತಿತ್ತು. ಸುಳ್ಳು ಹೇಳಲಾರದೆ ಹೌದೆಂದೆ.

“ಅವ್ವ ಪ್ರತಿ ತಾರೀಕಿಗೂ ಬಂದು ಕೂತಿರ್ತಾಳೆ. ತನ್ನ ಮಾತಿಂದಾನೇ ಮಗ ಒಳಗೆ ಹೋದ ಅಂತ ಗೊತ್ತಾದ್ರೆ ಅವಳು ಉಣ್ಣಲ್ಲ ಸಾರ್. ನಾನು ಆರು ತಿಂಗಳು ಇದ್ದು ಬರ್ತೀನಿ. ಅವ್ವಗೆ ಮಾತ್ರ ಇದು ಬ್ಯಾಡ.”

ಅವನು ಹೋದರೆ ಮಗ್ಗ ನಿಲ್ಲುತ್ತಿತ್ತು. ಬಂದ ಮೇಲೆ ಮತ್ತೆ ಕೈ ಹದಕ್ಕೆ ತರಲು ಇನ್ನೊಂದು ವರ್ಷ. ಮಗಳು ಲಾಳಿ ಬಿದ್ದ ದಿನದಿಂದ ಶಾಲೆಯಲ್ಲಿ ಯಾರ ಜೊತೆಗೂ ಮಾತಾಡಿಲ್ಲವಂತೆ. ಇಷ್ಟೂ ಗೊತ್ತಿದ್ದು ಹೇಳುತ್ತಿದ್ದ. ನನ್ನ ಸೇವೆಯಲ್ಲಿ ಒಳಗೆ ಹೋಗದಿರಲು ಕಾಲು ಹಿಡಿದವರನ್ನು ಕಂಡಿದ್ದೇನೆ, ಬಿಡಿಸುವ ಸಾಲನ್ನು ಬರೆಯಬೇಡಿ ಎಂದು ಬೇಡಿಕೊಂಡವನನ್ನು ಕಂಡಿರಲಿಲ್ಲ. ವಾದ ಮಾಡಿ ನೋಡಿದೆ, ಅವನು ತಲೆ ಅಲ್ಲಾಡಿಸುತ್ತಲೇ ಇದ್ದ. ಕೊನೆಗೆ ತಾಯಿಯ ಮಾತನ್ನು ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ನಿಯಮಕ್ಕೆ ಇದು ಸರಿಯೇ ಎಂದು ಕೇಳಿದರೆ ಇವತ್ತಿಗೂ ಉತ್ತರ ಗೊತ್ತಿಲ್ಲ.

ಆ ವರದಿಯ ಗತಿಯನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಹಿಂದಿನ ವರದಿ ತಪ್ಪು, ತಪ್ಪು ನನ್ನದು, ಅದನ್ನು ನೋಡಿ ಇವನನ್ನು ತೂಗಬಾರದು ಎಂದು ಬರೆದೆ. ಕಾರಣವನ್ನು ಬರೆದಿಲ್ಲ, ಬರೆದರೆ ಲಾಭವಾಗುವುದು ಇವನಿಗೇ, ಆದರೂ ಇನ್ನೊಬ್ಬರಿಗೆ ನೋವಾದೀತೆಂದು ಬೇಡವೆಂದವನೂ ಇವನೇ, ನ್ಯಾಯಾಲಯ ಇದನ್ನು ಗಮನಿಸಬೇಕು ಎಂದು ಸೇರಿಸಿದೆ. ನ್ಯಾಯಾಧೀಶೆ ನನ್ನನ್ನು ಕೊಠಡಿಗೆ ಕರೆದು ಕಾರಣ ಕೇಳಿದರು. ಮಾತು ಕೊಟ್ಟಿದ್ದೇನೆ ಎಂದೆ. ಇಂಥ ವರದಿಯನ್ನು ತಾವು ನೋಡಿಲ್ಲ ಎಂದರು, ಹೊಗಳಿಕೆಯಾಗಿರಲಿಲ್ಲ. ಹತ್ತು ದಿನದ ನಂತರ ಎರಡು ವರ್ಷದ ಕಣ್ಗಾವಲಿನ ಮೇಲೆ ತಿಪ್ಪೇಸ್ವಾಮಿಯನ್ನು ಬಿಟ್ಟರು. ಓಬಣ್ಣನ ಅಂಗಡಿಯ ಮುಂದೆ ಇಬ್ಬರೂ ತಪ್ಪಾಯ್ತು ಎಂದರಂತೆ. ಕೇಬಲ್ ಎಂದು ಕರೆಯುವವರು ಈಗಲೂ ಕರೆಯುತ್ತಾರೆ.

ಅವತ್ತು ನಾನು ಹೊರಟಾಗ ಐದು ಗಂಟೆ. ತಿಪ್ಪೇಸ್ವಾಮಿ ಬಸ್ಸಿನವರೆಗೆ ಬಂದ, ಹಿಂದೆಯೇ ಅವನ ತಾಯಿ ಸೆರಗಿನಲ್ಲಿ ನಾಲ್ಕು ಸೀತಾಫಲ ಕಟ್ಟಿಕೊಂಡು ಬಂದಳು. ವಿಚಾರಣೆಗೆ ಹೋದ ಮನೆಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಅವತ್ತು ತೆಗೆದುಕೊಂಡೆ. ಚಳ್ಳಕೆರೆ ಬಸ್ಸು ಬಂದು ನಿಂತು, ನಾನು ಮೆಟ್ಟಿಲಿಗೆ ಕಾಲಿಡುವಾಗ ಆಕೆ ನನ್ನ ತೋಳು ಹಿಡಿದು ನಿಲ್ಲಿಸಿದಳು.

“ಆವತ್ತು ನಾನು ಹೇಳಿದ ಮಾತು ಬರೆದಿದ್ರಾ ಸಾರ್, ಇಲ್ಲಾ ಬಿಟ್ಟುಬಿಟ್ಟಿದ್ರಾ?”

ಹದಿನಾಲ್ಕು ವರ್ಷದಿಂದ ಈ ಪ್ರಶ್ನೆ ಅವಳಲ್ಲಿ ಇತ್ತೆಂದು ಕಾಣುತ್ತದೆ. ತಿಪ್ಪೇಸ್ವಾಮಿ ಎರಡು ಹೆಜ್ಜೆ ಹಿಂದೆ ನಿಂತು ಬಸ್ಸಿನ ಚಕ್ರ ನೋಡುತ್ತಿದ್ದ.

“ಬರೆದಿದ್ದೆ ಅಮ್ಮ,” ಎಂದೆ. “ನೀವು ಹೇಳಿದ ಮಾತನ್ನೇ ಬರೆದಿದ್ದೆ.”

“ಹಂಗಾದ್ರೆ ನಿಮ್ಮ ತಪ್ಪೇನಿಲ್ಲ ಬಿಡ್ರಿ. ಕೋರ್ಟಿನೋರೇ ಕಿವಿಗೆ ಹಾಕ್ಕೊಳ್ಳಿಲ್ಲ. ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ,” ಎಂದು ತೋಳು ಸವರಿ ಬಿಟ್ಟಳು.

ಕಂಡಕ್ಟರು ಸೀಟಿ ಊದಿದ. ಕಿಟಕಿಯಿಂದ ನೋಡಿದಾಗ ತಾಯಿ ಮಗ ಇಬ್ಬರೂ ಬೀದಿಯ ಕಡೆ ತಿರುಗಿ ನಡೆಯುತ್ತಿದ್ದರು. ನನ್ನ ತಪ್ಪು ಏನೆಂದು ಕೇಳದೆಯೇ ಆಕೆ ನನ್ನನ್ನು ಬಿಟ್ಟು ಕಳಿಸಿದ್ದಳು. ಅವಳ ಮಗನನ್ನು ನಾನು ಹಾಗೆ ಬಿಟ್ಟಿರಲಿಲ್ಲ.